ಮಣ್ಣು ತುಂಬಿದ ಮರುವಾಯಿ

ಗಿರಿಜಕ್ಕ ತಾವು ಮಾಡಿದ ಅಡಿಗೆಯನ್ನು ದಿನವೂ ತಾವೇ ಮೊದಲು ಉಗುಳುತ್ತಿದ್ದರು. ಒಲೆಯಿಂದ ಆಗಷ್ಟೇ ಇಳಿದ ಮರುವಾಯಿ ಸುಕ್ಕದಿಂದ ಒಂದು ಚಿಪ್ಪನ್ನು ಎತ್ತಿ, ಅದರೊಳಗಿನ ಮಾಂಸವನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ಜಗಿದು, ಅಂಗೈಗೆ ಉಗುಳಿ, ಬಾಗಿಲ ಬೆಳಕಿಗೆ ಹಿಡಿದು ನೋಡುವರು. ಹಲ್ಲಿಗೆ ಒಂದು ಕಣ ಮರಳು ಸಿಕ್ಕಿತೆಂದರೆ ಆ ದಿನ ಪಾತ್ರೆಯಿಡೀ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಮಧ್ಯಾಹ್ನ ಗಿರಾಕಿಗಳು ಬಂದು "ಇವತ್ತು ಮರುವಾಯಿ ಇಲ್ವಾ?" ಎಂದು ಕೇಳಿದರೆ, "ಇತ್ತು. ತೆಂಗಿನ ಮರದ ಊಟ ಆಯ್ತು. ನಿಮಗೆ ಬಂಗುಡೆ" ಎನ್ನುವರು.

ಅದನ್ನು ಮೊದಲ ಸಲ ಕಂಡ ದಿನ ನನಗೆ ಹೇಸಿಗೆಯಾಗಿತ್ತು. ನಾನಾಗ ಹೆಲ್ತ್ ಇನ್ಸ್‌ಪೆಕ್ಟರ್. ಕಾಪು, ಕಟಪಾಡಿ ಸುತ್ತಿನ ಹೋಟೆಲುಗಳ ಅಡಿಗೆಮನೆ, ಬಾವಿ, ಚರಂಡಿಗಳನ್ನು ಇಣುಕಿ ನೋಡಿ ಮೂಗು ಮುಚ್ಚಿಕೊಳ್ಳುವುದಕ್ಕೇ ಸರಕಾರ ನನಗೆ ಸಂಬಳ ಕೊಡುತ್ತಿತ್ತು. ಹೇಸುವುದು ನನ್ನ ಉದ್ಯೋಗ. ನಿವೃತ್ತನಾದ ಮೇಲೂ ಆ ಗುಣ ಬಿಟ್ಟು ಹೋಗಲಿಲ್ಲ. ಕಟಪಾಡಿಯಿಂದ ಮಟ್ಟುವಿಗೆ ಹೋಗುವ ದಾರಿಯಲ್ಲಿ, ಹೊಳೆಗೆ ಬೆನ್ನು ಹಾಕಿ ನಿಂತ ಆ ಹೆಂಚಿನ ಮೀನೂಟದ ಹೋಟೆಲಿಗೆ ಸರ್ವಿಸಿನಲ್ಲಿದ್ದಾಗ ನಾನು ಮೊದಲು ಹೋದದ್ದು ತಪಾಸಣೆಗೆಂದೇ. ಅಡಿಗೆಮನೆಯ ಬಾಗಿಲಲ್ಲಿ ಎತ್ತರದ, ಒಣಕಲು ಮೈಯ ಹೆಂಗಸೊಬ್ಬರು ಹೆಗಲ ಮೇಲೆ ಬೈರಾಸು ಹಾಕಿಕೊಂಡು ತಮ್ಮ ಅಂಗೈಯ ಎಂಜಲನ್ನು ಪರೀಕ್ಷಿಸುತ್ತ ನಿಂತಿದ್ದರು.

"ಇದೆಂಥ ಅಭ್ಯಾಸ? ಅಡಿಗೆಮನೆಯಲ್ಲಿ ಉಗುಳುವುದಾ?" ಎಂದೆ.

"ನುಂಗಿದ ಮೇಲೆ ಗೊತ್ತಾಗುದು ಹೇಗೆ ಸರ್? ಹೊಟ್ಟೆಗೆ ಕಣ್ಣುಂಟಾ?" ಎಂದರು. ಕೈ ತೊಳೆದುಕೊಂಡು ಬಂದು ನನ್ನ ಕಾಲು ನೋಡಿದರು. "ನೀವು ಈಗ ಯಾವ ಚರಂಡಿ ನೋಡಿ ಬಂದದ್ದು? ಆ ಚಪ್ಪಲಿ ಹೊರಗೆ ಬಿಡಿ. ಆಮೇಲೆ ಎಷ್ಟು ಬೇಕಾದ್ರೂ ತಪಾಸಣೆ ಮಾಡಿ."

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಬೈಯಲು ಒಂದು ಕಾರಣ ಸಿಗಲಿಲ್ಲ. ನನ್ನ ಸರ್ವಿಸಿನಲ್ಲಿ ಹಾಗೆ ಆದದ್ದು ಅಪರೂಪ. ಸ್ವಲ್ಪ ನಿರಾಸೆಯೇ ಆಯಿತೆನ್ನಬೇಕು. ಅಂದಿನಿಂದ ನನ್ನ ಮಧ್ಯಾಹ್ನದ ಊಟ ಅಲ್ಲಿಯೇ. ನಾನು ಕುಂದಾಪುರದ ಕಡೆಯವನು, ನನ್ನ ತುಳು ಕೇಳಿದರೆ ಅವರಿಗೆ ತಡೆಯಲಾರದ ನಗು. ಆದ್ದರಿಂದ ನನ್ನೊಂದಿಗೆ ಅವರದು ಕನ್ನಡ.

ಆ ಹೋಟೆಲಿಗೆ ಹೆಸರೇ ಇರಲಿಲ್ಲ. ಗಂಡ ತೀರಿಹೋದ ಮೇಲೆ ಮನೆಯ ಮುಂಭಾಗದಲ್ಲಿ ಎರಡು ಬೆಂಚು ಹಾಕಿ ಶುರು ಮಾಡಿದ್ದು. "ಗಿರಿಜಕ್ಕನಲ್ಲಿ ಊಟ" ಎಂದರೆ ಉಡುಪಿಯ ರಿಕ್ಷಾದವರಿಗೂ ಗೊತ್ತಿತ್ತು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಸೀಸನ್ ಇದ್ದರೆ ಮಟ್ಟುಗುಳ್ಳ ಬದನೆಯ ಪಲ್ಯ, ಮತ್ತು ಮಳೆಗಾಲ ಕಳೆದು ಹೊಳೆ ತಿಳಿಯಾದ ಮೇಲೆ ಮರುವಾಯಿ. ಮರುವಾಯಿ ಎಂದರೆ ಹೊಳೆಯ ಮರಳಿನಲ್ಲಿ ಹುದುಗಿರುವ ಚಿಪ್ಪುಮೀನು. ಅದನ್ನು ಹೆಕ್ಕಿ ತರುತ್ತಿದ್ದವರು ಗಿರಿಜಕ್ಕನ ಗಂಡನ ತಂಗಿ ಬೇಬಿ. ನೀರು ಇಳಿದ ಹೊತ್ತು ನೋಡಿ ಸೊಂಟದವರೆಗೆ ಹೊಳೆಗಿಳಿದು, ಕಾಲಬೆರಳಿನಿಂದ ತಡಕಿ, ಮುಳುಗಿ ತೆಗೆದು, ಸಂಜೆ ಬುಟ್ಟಿ ಹೊತ್ತು ತರುವರು. ರಾತ್ರಿಯಿಡೀ ಅವು ಅಗಲ ಪಾತ್ರೆಯ ನೀರಿನಲ್ಲಿರಬೇಕು. "ಅವು ತಿಂದ ಮರಳನ್ನು ಅವೇ ವಾಂತಿ ಮಾಡ್ಬೇಕು, ನಾವು ತೊಳೆದ್ರೆ ಹೋಗುದಿಲ್ಲ" ಎನ್ನುತ್ತಿದ್ದರು ಗಿರಿಜಕ್ಕ.

ಬೆಳಿಗ್ಗೆ ಒಂದೊಂದನ್ನೂ ಇನ್ನೊಂದಕ್ಕೆ ತಟ್ಟಿ ಸದ್ದು ಕೇಳುವರು. ಇದಕ್ಕೆ ಕಾರಣ ಉಂಟು. ಸತ್ತ ಮರುವಾಯಿಯ ಚಿಪ್ಪಿನೊಳಗೆ ಕೆಲವೊಮ್ಮೆ ಕೆಸರು ತುಂಬಿಕೊಳ್ಳುತ್ತದೆ. ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ, ಹೊರಗಿನಿಂದ ನೋಡಿದರೆ ಜೀವಂತದ್ದಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯದು. ಅಂಥದ್ದೊಂದು ಪಾತ್ರೆಗೆ ಬಿದ್ದರೆ ಕುದಿಯುವಾಗ ಬಾಯಿ ಬಿಟ್ಟು ಇಡೀ ಪದಾರ್ಥವನ್ನು ಹಾಳು ಮಾಡುತ್ತದೆ. ತಟ್ಟಿದಾಗ ಜೀವಂತದ್ದು ಟಕ್ಕೆನ್ನುತ್ತದೆ, ಮಣ್ಣಿನದ್ದು ದಬ್ಬೆನ್ನುತ್ತದೆ. ಊರಿನ ಕೆಲವು ದೊಡ್ಡ ಮನುಷ್ಯರ ಬಗ್ಗೆ ಮಾತು ಬಂದಾಗ ಗಿರಿಜಕ್ಕ ತುಟಿ ಕೊಂಕಿಸಿ, "ಅವ ಮಣ್ಣು ಮರುವಾಯಿ, ಬಿಡಿ" ಎಂದು ಹೇಳಿ ಮುಗಿಸುವರು. ಅದಕ್ಕಿಂತ ಹೆಚ್ಚಿನ ಬೈಗುಳ ಅವರ ಬಾಯಲ್ಲಿ ನಾನು ಕೇಳಿಲ್ಲ.

ಅಲ್ಲಿ ಇನ್ನೊಂದು ಕಾನೂನಿತ್ತು. ಉಂಡ ಎಲೆಯನ್ನು ಉಂಡವರೇ ಮಡಚಿ ಹಿತ್ತಲಿನ ಬುಟ್ಟಿಗೆ ಹಾಕಬೇಕು. ಡಾಕ್ಟರಿರಲಿ, ಪಂಚಾಯತಿನ ಅಧ್ಯಕ್ಷರಿರಲಿ, ವಿನಾಯಿತಿ ಇಲ್ಲ. ಒಂದು ದಿನ ಬಿಳಿ ಕಾರಿನಲ್ಲಿ ಬಂದ ಮನುಷ್ಯನೊಬ್ಬ ಹೊಟ್ಟೆ ತುಂಬ ಉಂಡು, ಎಲೆಯನ್ನು ಹಾಗೇ ಬಿಟ್ಟು, ಕೈ ತೊಳೆದು ಕಾರು ಹತ್ತಿದ. ಗಿರಿಜಕ್ಕ ಸೌಟು ಹಿಡಿದುಕೊಂಡೇ ರಸ್ತೆಗೆ ಓಡಿ ಕಾರಿನ ಗಾಜಿಗೆ ಕುಟ್ಟಿದರು.

"ಬಾ ಮಾರಾಯ, ಎಲೆ ತೆಗಿ. ನಿನ್ನ ಎಂಜಲು ನಾನು ಬಳೀಲಿಕ್ಕೆ ನೀನೆಂತ ನಾನು ಹೆತ್ತ ಮಗುವಾ?"

ಊಟಕ್ಕೆ ಕುಳಿತವರೆಲ್ಲ ನಕ್ಕರು. ಅವನೂ ನಗುತ್ತ ಇಳಿದು ಬಂದು, ಎರಡು ಬೆರಳಿನಲ್ಲಿ ಎಲೆಯ ತುದಿ ಹಿಡಿದುಕೊಂಡು ಬುಟ್ಟಿಗೆ ಹಾಕಿದ. ಅರ್ಧ ಅನ್ನ ದಾರಿಯಲ್ಲಿಯೇ ಚೆಲ್ಲಿತು. ಅದನ್ನು ಅವನು ನೋಡಲೂ ಇಲ್ಲ. ಈ ಮನುಷ್ಯನ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಊರಿನವರು ಬಿಲ್ಡರ್ ಎನ್ನುತ್ತಿದ್ದರು, ಇಲ್ಲಿಯೂ ಅಷ್ಟೇ ಸಾಕು.

ಬಿಲ್ಡರ್ ಬಂದದ್ದು ಹೊಳೆಯ ಆಚೆಗಿನ ಗುಡ್ಡೆಗಾಗಿ. ದೊಡ್ಡ ಗುಡ್ಡೆಯೇನಲ್ಲ, ಮೇಲೆ ಗೇರು ಮರ, ಮುಳ್ಳಿನ ಪೊದೆ, ಹುಲ್ಲು, ಕೆಳಗೆ ಒಂದು ಸಣ್ಣ ತೋಡು. ಆ ತೋಡು ಬಂದು ಹೊಳೆಗೆ ಸೇರುವ ಜಾಗದಲ್ಲಿಯೇ ಬೇಬಿಯ ಮರುವಾಯಿಯ ಮರಳುದಿಬ್ಬ. ದೀಪಾವಳಿ ಕಳೆದ ಮೇಲೆ ಜೆಸಿಬಿ, ಹಿಟಾಚಿ ಎಲ್ಲ ಬಂದವು. ನಮ್ಮ ಊರುಗಳಲ್ಲಿ ಗುಡ್ಡೆ ಕಡಿಯುವುದನ್ನು ನಾನು ಬಹಳ ನೋಡಿದ್ದೇನೆ, ಮಣಿಪಾಲದಲ್ಲಿ, ಕಾರ್ಕಳದ ದಾರಿಯಲ್ಲಿ, ಪೆರ್ಡೂರಿನ ಕಡೆಯಲ್ಲಿ. ಎಲ್ಲಿಯೂ ಒಂದೇ ಕ್ರಮ. ಬೇಕಾದಷ್ಟು ಭಾಗವನ್ನು ಕಡಿದು, ಅದನ್ನು ಕಟ್ಟಿ ಮುಗಿಸಿ, ಆಮೇಲೆ ಇನ್ನೊಂದು ಭಾಗಕ್ಕೆ ಕೈ ಹಾಕೋಣ ಎನ್ನುವ ಬುದ್ಧಿ ಯಾರಿಗೂ ಇಲ್ಲ. ತಲೆಯಿಂದ ಬುಡದವರೆಗೆ ಒಂದೇ ಸಲ ಸುಲಿದು ಬಿಡುತ್ತಾರೆ. ಮೇಲಿನ ಗಟ್ಟಿ ಕೆಂಪು ಮುರಕಲ್ಲಿನ ಪದರ ಹೋಯಿತೆಂದರೆ ಅಡಿಯಲ್ಲಿ ಶೇಡಿ ಮಣ್ಣು, ಬಿಳಿ ಮತ್ತು ನಸುಗೆಂಪು ಬಣ್ಣದ್ದು. ಬಿಸಿಲಿನಲ್ಲಿ ಕಲ್ಲಿನ ಹಾಗೆ ನಿಲ್ಲುತ್ತದೆ, ಮಳೆಯ ನೀರು ತಾಗಿದರೆ ಗಂಜಿಯಾಗಿ ಇಳಿಯುತ್ತದೆ. ಇದು ಇಲ್ಲಿಯ ಮೇಸ್ತ್ರಿಗೂ ಗೊತ್ತು, ಇಂಜಿನಿಯರಿಗೂ ಗೊತ್ತು, ಬಿಲ್ಡರಿಗೂ ಗೊತ್ತು. ಗೊತ್ತಿದ್ದೇ ಮಾಡುತ್ತಾರೆ. ಅಗೆದ ಮಣ್ಣನ್ನು ತೋಡಿನ ಅಂಚಿಗೇ ರಾಶಿ ಹಾಕಿದರು. ಅಂಚಿನಲ್ಲಿ ಬೇರು ಬಿಟ್ಟು ಮಣ್ಣು ಹಿಡಿದಿದ್ದ ಮುಂಡಕನ ಪೊದೆಯನ್ನೂ ಬಿಡಲಿಲ್ಲ, ನೀರು ನಿಂತು ಮಣ್ಣು ತಳಕ್ಕಿಳಿಯಲು ಒಂದು ಹೊಂಡವನ್ನೂ ತೋಡಲಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತು, ಉಳಿದದ್ದನ್ನು ಅದೇ ನೋಡಿಕೊಂಡಿತು.

ಮಳೆಗಾಲದಲ್ಲಿ ಹೊಳೆ ಕೆಂಪಾಗುವುದು ಹೊಸದಲ್ಲವಲ್ಲ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನವೆಂಬರಿನಲ್ಲಿ ಬೇಬಿ ಮೊದಲ ಬುಟ್ಟಿ ತಂದರು. ರಾತ್ರಿ ನೀರಿನಲ್ಲಿಟ್ಟು ಬೆಳಿಗ್ಗೆ ನೋಡಿದರೆ ಪಾತ್ರೆಯ ತಳದಲ್ಲಿ ಮರಳಿನ ಬದಲು ಅಂಟಂಟಾದ ಬಿಳಿ ರಾಡಿ. ತಟ್ಟಿದರೆ ಬಹಳಷ್ಟು ದಬ್ಬೆಂದವು. ಗಿರಿಜಕ್ಕ ಆರಿಸಿ, ಮತ್ತೆ ನೀರು ಬದಲಿಸಿ, ಉಳಿದದ್ದನ್ನು ಬೇಯಿಸಿ, ಉಗುಳಿ ನೋಡಿದರು. ಪಾತ್ರೆ ತೆಂಗಿನ ಬುಡಕ್ಕೆ ಹೋಯಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ.

ಆಗ ಗಿರಿಜಕ್ಕ ಮಾಡಿದ ತಪ್ಪನ್ನು ಹೇಳದೆ ಈ ಚಿತ್ರ ಪೂರ್ತಿಯಾಗದು. ಅವರು ಬೇಬಿಯ ಮೇಲೆ ಬಿದ್ದರು. ಚೆನ್ನಾಗಿರುವ ಜಾಗಕ್ಕೆ ಹೋಗಲು ಸೋಮಾರಿತನ, ದಡದ ಕೆಸರಿನಲ್ಲಿ ಸಿಕ್ಕಿದ್ದನ್ನು ಬಾಚಿ ತರುತ್ತಾಳೆ, ಒಳ್ಳೆಯದನ್ನು ಬೇರೆ ಹೋಟೆಲಿಗೆ ಕೊಟ್ಟು ಕೊಳೆತದ್ದನ್ನು ಇಲ್ಲಿಗೆ ತರುತ್ತಾಳೆ ಎಂದೆಲ್ಲ ಗಿರಾಕಿಗಳ ಎದುರೇ ಹೇಳಿದರು. ನಾನು ಅಲ್ಲಿಯೇ ಊಟಕ್ಕೆ ಕುಳಿತಿದ್ದೆ. ಬೇಬಿ ಒದ್ದೆ ಸೀರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

"ಅತ್ತಿಗೆ, ನೀವು ಹೊಳೆಗೆ ಇಳಿಯದೆ ಎಷ್ಟು ವರ್ಷ ಆಯ್ತು?" ಎಂದು ಕೇಳಿ ಬುಟ್ಟಿಯನ್ನು ಅಲ್ಲಿಯೇ ಕವುಚಿ ಹೊರಟುಹೋದರು. ಆಮೇಲೆ ಅವರಿಬ್ಬರಿಗೆ ಮಾತಿರಲಿಲ್ಲ. ಒಂದೇ ಹಿತ್ತಲು, ಒಂದೇ ಬಾವಿ. ಒಬ್ಬರು ನೀರು ಸೇದುವಾಗ ಇನ್ನೊಬ್ಬರು ಒಳಗೆ ಕಾಯುವರು. ಗಿರಿಜಕ್ಕ ಬೇರೆ ಹೆಂಗಸರಿಂದ ಮರುವಾಯಿ ತರಿಸಿ ನೋಡಿದರು. ಅದೂ ದಬ್ಬೆಂದಿತು. ಆಮೇಲೆ ಒಂದು ಬೆಳಿಗ್ಗೆ ನಾನು ಹೋದಾಗ ಹೋಟೆಲಿನ ಬಾಗಿಲು ತೆರೆದಿರಲಿಲ್ಲ. ಹಿಂದಕ್ಕೆ ಹೋಗಿ ನೋಡಿದರೆ ಗಿರಿಜಕ್ಕ ಸೀರೆ ಎತ್ತಿ ಕಟ್ಟಿ ಹೊಳೆಯ ನಡುವೆ ನಿಂತಿದ್ದರು. ಮರಳು ಇರಬೇಕಾದಲ್ಲಿ ಅವರ ಕಾಲು ಮೊಣಕಾಲಿನವರೆಗೆ ಕೆಸರಿನೊಳಗೆ ಹೋಗಿತ್ತು. ಕಿತ್ತರೆ ಬರುವುದಿಲ್ಲ. ಆಚೆ ದಡದಿಂದ ಬೇಬಿ ಬಂದು ಅವರ ಕಂಕುಳಿಗೆ ಕೈ ಕೊಟ್ಟು ಎಳೆದರು. ಇಬ್ಬರೂ ಮೈಯೆಲ್ಲ ಬಿಳಿ ರಾಡಿಯಾಗಿ ತೋಡಿನ ಬಾಯಿಯನ್ನು, ಅದರ ಮೇಲಿನ ಸುಲಿದ ಗುಡ್ಡೆಯನ್ನು ನೋಡುತ್ತ ನಿಂತರು.

ದಡಕ್ಕೆ ಬಂದ ಮೇಲೆ ಗಿರಿಜಕ್ಕ ನನಗೆ ಹೇಳಿದರು: "ಅವತ್ತು ಎಲೆ ತೆಗಿ ಅಂದದ್ದಕ್ಕೆ ನಗಾಡ್ತಾ ತೆಗೆದ ನೋಡಿ ಸರ್. ಇಲ್ಲಿ ಗುಡ್ಡೆಯನ್ನೇ ಉಂಡು ಎಲೆಯನ್ನು ನಮ್ಮ ಹೊಳೆಗೆ ಎಸೆದಿದ್ದಾನೆ." ಬೇಬಿಯ ಹತ್ತಿರ ತಪ್ಪಾಯಿತೆಂದು ಅವರು ಹೇಳಿದ್ದನ್ನು ನಾನು ಕೇಳಲಿಲ್ಲ. ಆ ಮಧ್ಯಾಹ್ನ ಮಾತ್ರ ಬೇಬಿಯನ್ನು ಒಳಗೆ ಕರೆದು ತಾವೇ ಬಡಿಸಿದರು, ಉಂಡ ಎಲೆಯನ್ನು ತಾವೇ ಎತ್ತಿದರು. ಆ ಹೋಟೆಲಿನಲ್ಲಿ ಮತ್ತೊಬ್ಬರ ಎಲೆಗೆ ಗಿರಿಜಕ್ಕ ಕೈ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ. ಪಂಚಾಯತಿಗೆ ಹೋದೆವು. "ಮಳೆಗಾಲದಲ್ಲಿ ಹೊಳೆ ಕೆಂಪಾಗುವುದು ಸಹಜ ಅಲ್ವಾ ಸರ್? ನೀವೇ ಹೇಳಿ" ಎಂದು ನನಗೇ ಪ್ರಶ್ನೆ. ತಾಲೂಕು ಕಚೇರಿಗೆ ಹೋದರೆ ಅದು ಬೇರೆ ಇಲಾಖೆಯದ್ದು. ಆ ಇಲಾಖೆಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದರು. ಕಟ್ಟಡದ ಜಾಗದಿಂದ ಮಣ್ಣು ಹೊರಗೆ ಹೋಗದ ಹಾಗೆ ನೋಡಿಕೊಳ್ಳಬೇಕೆಂದು ಕಾಗದದ ಮೇಲೆ ಎಲ್ಲರೂ ಒಪ್ಪುತ್ತಾರೆ. ಒಪ್ಪಿ, ಮೊಹರು ಹಾಕಿ, ಚಾ ಕುಡಿಯುತ್ತಾರೆ. ನಾನೂ ಆ ಕುರ್ಚಿಗಳ ಪಕ್ಕದಲ್ಲಿಯೇ ಇದ್ದು ಬಂದವನು, ಆ ಚಾದ ವಾಸನೆ ನನಗೆ ಚೆನ್ನಾಗಿ ಗೊತ್ತು. ಗಿರಿಜಕ್ಕ ಕೊನೆಗೆ ನೇರವಾಗಿ ಬಿಲ್ಡರನನ್ನೇ ಹಿಡಿದರು. ಅವನು ಆಗಲೂ ಊಟಕ್ಕೆ ಬರುತ್ತಿದ್ದ, ಅಷ್ಟು ದಪ್ಪ ಚರ್ಮ.

"ನೋಡು ಮಾರಾಯ, ನೀನು ಮನೆ ಕಟ್ಟುದು ಬೇಡ ಅಂತ ನಾನು ಹೇಳುದಿಲ್ಲ. ಮಣ್ಣನ್ನು ನಿನ್ನ ಜಾಗದಲ್ಲಿ ಇಟ್ಟುಕೋ. ನಮ್ಮ ಅತ್ತೆ ಇರುವಾಗ ಮಣ್ಣಿನ ಗೋಡೆಗೆ ಮಳೆಗೆ ಮೊದಲು ತೆಂಗಿನ ಮಡಲು ಹೆಣೆದು ತಟ್ಟಿ ಕಟ್ತಿದ್ರು. ಒಂದು ಗೋಡೆಗೆ ಅಷ್ಟು ಮಾಡ್ತಿದ್ರು. ನೀನು ಇಡೀ ಗುಡ್ಡೆಯನ್ನು ಬತ್ತಲೆ ನಿಲ್ಲಿಸಿದ್ದೀಯಲ್ಲ, ನಾಚಿಕೆ ಆಗುದಿಲ್ವಾ?"

"ಆಯ್ತು ಗಿರಿಜಕ್ಕ, ಮಾಡಿಸ್ತೇನೆ. ನಿಮ್ಮ ಮಾತು ಮೀರ್ಲಿಕ್ಕುಂಟಾ?" ಎಂದ.

"ಮತ್ತೆ ಪತ್ತನಾಜೆಗೆ ಅಗೆಯುದು ನಿಲ್ಲಿಸ್ಬೇಕು. ಪತ್ತನಾಜೆಗೆ ಮೇಳದವರೇ ಗೆಜ್ಜೆ ಬಿಚ್ಚಿ ಮನೆಗೆ ಹೋಗ್ತಾರೆ. ನಿನ್ನ ಜೆಸಿಬಿ ಅವರಿಗಿಂತ ದೊಡ್ಡ ಕಲಾವಿದನಾ?"

ಅವನು ಹೊಟ್ಟೆ ಕುಣಿಸಿಕೊಂಡು ನಕ್ಕ. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂದರೆ ಯಕ್ಷಗಾನದ ಆಟದವರು, ಭೂತಕೋಲದವರು ಎಲ್ಲರೂ ನಿಲ್ಲಿಸುತ್ತಾರೆ, ಮಳೆ ಬಾಗಿಲಲ್ಲಿ ನಿಂತಿರುತ್ತದೆ. ಇದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನೂ ಇದೇ ಮಣ್ಣಿನವನು. ಹೊರಗಿನವನಾಗಿದ್ದರೆ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

ವಾರ ಕಳೆದು ತೋಡಿನ ಅಂಚಿನಲ್ಲಿ ಹಸಿರು ನೆಟ್ ಬಂತು. ನರ್ಸರಿಗಳಲ್ಲಿ ಗಿಡಗಳ ಮೇಲೆ ನೆರಳಿಗೆ ಕಟ್ಟುವಂಥದ್ದು. ನಾನೂ ಗಿರಿಜಕ್ಕನೂ ನೋಡಲು ಹೋದೆವು. ಅದರ ಬುಡವನ್ನು ಮಣ್ಣಿನಲ್ಲಿ ಹೂತಿರಲಿಲ್ಲ; ನೆಲದಿಂದ ಒಂದು ಗೇಣು ಮೇಲೆಯೇ ಅದು ಗಾಳಿಗೆ ಹಾರಾಡುತ್ತಿತ್ತು. ಕೆಸರು ನೀರು ಅದರಡಿಯಿಂದ ಆರಾಮವಾಗಿ ಹೋಗಬಹುದಾಗಿತ್ತು. ಕಾವಲುಗಾರ ಬಾಗಲಕೋಟೆಯ ಕಡೆಯವನು, ಗಿರಿಜಕ್ಕ ಬೈಯಲು ಶುರು ಮಾಡುವ ಮೊದಲೇ ಕೈ ಮುಗಿದ.

"ನನಗ ಬೈಬ್ಯಾಡ್ರಿ ಅವ್ವಾರ. ಹಸರ ಪಡದಾ ಕಟ್ಟು ಅಂದ್ರು, ಕಟ್ಟೀನಿ. ಕಟ್ಟಿದ ಕೂಡ್ಲೇ ಫೋಟೋ ಹೊಡಕೊಂಡ ಹೋದ್ರು. ಫೋಟೋದಾಗ ಚಲೋ ಕಾಣತೈತಂತ."

ಗಿರಿಜಕ್ಕ ನೆಟ್ಟನ್ನು ಕೈಯಲ್ಲಿ ಹಿಡಿದು ಎತ್ತಿ, ಅದರಡಿ ತಮ್ಮ ಕಾಲು ತೂರಿಸಿ ತೋರಿಸಿದರು. "ಇದರಲ್ಲಿ ಬೆಕ್ಕು ಹೋಗ್ತದೆ ಸರ್. ಮಣ್ಣಿಗೆ ಬೆಕ್ಕಿನಷ್ಟೂ ಬುದ್ಧಿ ಇಲ್ಲ ಅಂತ ಮಾಡಿದ್ದಾ ಇವರು?" ಎಂದರು. ಅವತ್ತು ಅವರ ಸ್ವರದಲ್ಲಿ ತಮಾಷೆ ಇರಲಿಲ್ಲ.

ಅದೇ ಬೇಸಗೆಯಲ್ಲಿ ಬಿಲ್ಡರ್ ತನ್ನ ಫ್ಲ್ಯಾಟುಗಳ ಬುಕಿಂಗ್ ಶುರುವಾಗುವ ಸಮಾರಂಭ ಇಟ್ಟುಕೊಂಡ. ಹೊಳೆ ಕಾಣುವ ಫ್ಲ್ಯಾಟು, ಕರಾವಳಿಯ ಊಟ. ಕಾರ್ಡಿನಲ್ಲಿ 'ಗಿರಿಜಕ್ಕನ ಪ್ರಸಿದ್ಧ ಸುಕ್ಕ' ಎಂದು ಅಚ್ಚು ಹಾಕಿಸಿಯೇ ಅವರನ್ನು ಕೇಳಲು ಬಂದ. ಗಿರಿಜಕ್ಕ ಒಪ್ಪಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಊಟಕ್ಕೆ ಹೋಗದೆ ಮನೆಯಲ್ಲಿಯೇ ಗಂಜಿ ಕುಡಿದೆ. ಮೂರನೆಯ ದಿನ ಬೇಬಿ ಬಂದು, "ಸರ್, ಅತ್ತಿಗೆ ಕರೀತಾರೆ. ಸಮಾರಂಭಕ್ಕೆ ಬರ್ಲೇಬೇಕಂತೆ" ಎಂದರು.

ಹೋದೆ. ಗುಡ್ಡೆಯ ಮೇಲೆ ಶಾಮಿಯಾನ, ಪ್ಲಾಸ್ಟಿಕ್ ಹೂವು, ಮೈಕು. ಮಂಗಳೂರಿನವರು, ಬೆಂಗಳೂರಿನವರು, ಗಲ್ಫಿನಿಂದ ರಜೆಗೆ ಬಂದವರು. ದೊಡ್ಡ ಹಂಡೆಯ ಮುಚ್ಚಳ ತೆಗೆದಾಗ ಸುಕ್ಕದ ಪರಿಮಳ ಗುಡ್ಡೆಯಿಡೀ ಹರಡಿತು. ಒಳಗಿದ್ದದ್ದು ಕಡ್ಲೆ. ಅದೇ ಮಸಾಲೆ, ಅದೇ ಹುರಿದ ತೆಂಗಿನಕಾಯಿ, ಮರುವಾಯಿ ಮಾತ್ರ ಒಂದೂ ಇಲ್ಲ.

"ಇದೆಂತ ಗಿರಿಜಕ್ಕ, ಮರುವಾಯಿ ಎಲ್ಲಿ?" ಎಂದು ಬಿಲ್ಡರ್ ಮೈಕು ಕೈಯಲ್ಲಿಟ್ಟುಕೊಂಡೇ ಕೇಳಿದ.

ಗಿರಿಜಕ್ಕ ಸೌಟನ್ನು ಎತ್ತಿ ಕೆಳಗಿನ ಹೊಳೆಯ ಕಡೆ ತೋರಿಸಿದರು. "ಅಗೋ ಅಲ್ಲಿ! ನಿನ್ನ ಗುಡ್ಡೆಯ ಅಡಿಯಲ್ಲಿ! ನೀನೇ ಹೂತು ಹಾಕಿದ್ದು, ನೀನೇ ಅಗೆದು ತಂದುಕೊಡು, ಬೇಯಿಸಿ ಬಡಿಸ್ತೇನೆ. ನಿನ್ನ ಮಣ್ಣಿನಲ್ಲಿ ಹೊಳೆ ಸತ್ತಿದೆ. ಸತ್ತ ಮನೆಯಲ್ಲಿ ನಿಂತು ಫ್ಲ್ಯಾಟು ಮಾರ್ತೀಯಲ್ಲ, ಥೂ!"

ಮಾತೆಲ್ಲ ಮೈಕಿನಲ್ಲಿ ಕೇಳಿಸಿತು. ಈಗ ಏನಾದರೂ ಆಗುತ್ತದೆಂದು ನಾನು ಕಾದೆ. ಜನ ನಕ್ಕರು. ಚಪ್ಪಾಳೆ ತಟ್ಟಿದರು. ಯಾರೋ ವಿಡಿಯೋ ಮಾಡಿಕೊಂಡರು. "ಎಷ್ಟು ಸ್ವೀಟ್ ಅಲ್ವಾ ಈ ಆಂಟಿ" ಎಂದು ನನ್ನ ಪಕ್ಕದ ಹುಡುಗಿ ಹೇಳಿದಳು. ಬಿಲ್ಡರ್ ಗಿರಿಜಕ್ಕನ ಹೆಗಲಿಗೆ ಕೈ ಹಾಕಿ, "ಇದು ನಮ್ಮ ಗಿರಿಜಕ್ಕ! ಬೈಗುಳವೂ ಊಟದ ಜೊತೆಗೆ ಫ್ರೀ!" ಎಂದ. ಸಾಲು ನಿಂತು ಕಡ್ಲೆ ಸುಕ್ಕ ಹಾಕಿಸಿಕೊಂಡರು, ಎರಡೆರಡು ಸಲ ಹಾಕಿಸಿಕೊಂಡರು. ತಿಂದ ತಟ್ಟೆಗಳನ್ನು ಅಲ್ಲಲ್ಲಿಯೇ ಬಿಟ್ಟರು. ನಾನು ಎಷ್ಟೋ ಕೊಳಕು ಅಡಿಗೆಮನೆಗಳನ್ನು ಕಂಡಿದ್ದೇನೆ, ಹುಳ ಬಿದ್ದ ಹಿಟ್ಟನ್ನು ಕಂಡಿದ್ದೇನೆ. ಅವತ್ತಿನಷ್ಟು ಹೇಸಿಗೆ ನನಗೆ ಎಂದೂ ಆಗಿಲ್ಲ. ಗಿರಿಜಕ್ಕ ಸೌಟನ್ನು ಹಂಡೆಯಲ್ಲಿ ಬಿಟ್ಟು, ಅವನ ಕೈಯನ್ನು ಹೆಗಲಿನಿಂದ ಕಿತ್ತು, ಗುಡ್ಡೆ ಇಳಿದು ನಡೆದೇ ಮನೆಗೆ ಹೋದರು.

ಪತ್ತನಾಜೆ ಕಳೆದರೂ ಜೆಸಿಬಿ ನಿಲ್ಲಲಿಲ್ಲ. ಹಸಿರು ನೆಟ್ ಮೊದಲ ಮಳೆಗೇ ತೋಡಿನಲ್ಲಿ ಬಿದ್ದು, ಅಲ್ಲಿಂದ ಹೊಳೆಗೆ ಹೋಗಿ, ಬಲೆಗಾರರ ಬಲೆಗೆ ಸಿಕ್ಕಿ ಅವರಿಂದಲೂ ಬೈಸಿಕೊಂಡಿತು. ಮಳೆಗಾಲ ಮುಗಿದಾಗ ಮರಳುದಿಬ್ಬ ಇದ್ದ ಜಾಗ ನೀರು ಇಳಿದ ಹೊತ್ತಿನಲ್ಲಿ ಬೂದಿ ಬಣ್ಣದ ಹಾಳು ಗದ್ದೆಯಂತೆ ಕಾಣುತ್ತಿತ್ತು. ಮರುವಾಯಿ ಒಂದೂ ಇಲ್ಲ. ಮಣ್ಣು ತುಂಬಿದ್ದೂ ಇಲ್ಲ.

ಬೇರೆ ಊರಿನಿಂದ ಐಸಿನಲ್ಲಿಟ್ಟು ತರಿಸಿಕೊಡುತ್ತೇವೆಂದು ಒಬ್ಬ ವ್ಯಾಪಾರಿ ಬಂದ. ಗಿರಿಜಕ್ಕ ಒಂದನ್ನು ಬೇಯಿಸಿ ನೋಡಿ ಒಳ್ಳೆಯದಿದೆ ಎಂದು ಒಪ್ಪಿದರು, ಆದರೆ ಬೇಡವೆಂದರು. ತೆಗೆದುಕೊಳ್ಳಿ, ಹೋಟೆಲ್ ನಡೆಯಬೇಕಲ್ಲ ಎಂದು ನಾನೂ ಹೇಳಿದೆ.

"ಬೇರೆ ಹೊಳೆಯದ್ದು ತಂದು ಬಡಿಸಿದ್ರೆ ಈ ಹೊಳೆ ಸತ್ತದ್ದು ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಸರ್," ಎಂದರು. "ಬಂದವರು ಕೇಳ್ಬೇಕು, ಮರುವಾಯಿ ಯಾಕಿಲ್ಲ ಅಂತ. ನಾನು ಹೇಳ್ಬೇಕು. ಅಷ್ಟಾದ್ರೂ ಆಗ್ಬೇಕು."

ಕೆಲವು ದಿನ ಬಂದವರು ಕೇಳಿದರು, ಅವರು ಹೇಳಿದರು. ಆಮೇಲೆ ಬರುವವರು ಕಡಿಮೆಯಾದರು. ಮರುವಾಯಿಗಾಗಿಯೇ ಉಡುಪಿಯಿಂದ, ಬೆಳ್ಮಣ್ಣಿನಿಂದ ಬರುತ್ತಿದ್ದ ನಾಲಿಗೆಗಳಿಗೆ ಬೇರೆ ಹೋಟೆಲು ಸಿಕ್ಕಿತು. ಊಟ ಮಾಡುವ ಜನಕ್ಕೆ ಊಟ ಎಲ್ಲಿಂದ ಬಂತೆನ್ನುವುದು ಬೇಡ, ಅದು ನನಗೆ ಸರ್ವಿಸಿನಲ್ಲಿಯೇ ತಿಳಿದಿತ್ತು. ಬೆಂಚುಗಳ ಮೇಲೆ ನಾನು, ಇಬ್ಬರು ರಿಕ್ಷಾದವರು, ಒಬ್ಬ ಪೋಸ್ಟ್‌ಮ್ಯಾನ್ ಮಾತ್ರ ಉಳಿದೆವು. ಫ್ಲ್ಯಾಟು ಕಟ್ಟಿ ಮುಗಿದು ಜನ ಬಂದ ಮೇಲೆ ಬೇಬಿ ಅಲ್ಲಿಯೇ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಹೊಳೆ ಕಾಣುವ ಕಿಟಕಿಗಳನ್ನು ಅಲ್ಲಿಯವರು ಮುಚ್ಚಿಯೇ ಇಡುತ್ತಾರಂತೆ, ನೀರು ಇಳಿದಾಗ ಕೆಸರಿನ ವಾಸನೆ ತಡೆಯಲಾಗುವುದಿಲ್ಲವಂತೆ. ಇದನ್ನು ಕೇಳಿ ಗಿರಿಜಕ್ಕ ನಗುವರೆಂದುಕೊಂಡಿದ್ದೆ. ಅವರು ನಗಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಮಣಿಪಾಲದ ಆಸ್ಪತ್ರೆಯಲ್ಲಿ. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು, ಆಮೇಲೆ ಹೃದಯಕ್ಕೂ ಹೋಯಿತು. ಮಂಚದ ಪಕ್ಕದ ಕಿಟಕಿಯಿಂದ ಇನ್ನೊಂದು ಗುಡ್ಡೆ ಕಾಣುತ್ತಿತ್ತು, ಅದನ್ನೂ ಕಡಿಯುತ್ತಿದ್ದರು. "ಈ ಪರದೆ ಎಳೆಯಿರಿ ಸರ್," ಎಂದರು. ಎಳೆದೆ. "ಇದರ ಕೆಳಗೂ ಒಂದು ತೋಡು ಇರ್ತದೆ. ಅದರ ಕೆಳಗೆ ಯಾರಾದ್ರೂ ಇರ್ತಾರೆ," ಎಂದು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ಆ ವಾರವೇ ತೀರಿಹೋದರು. ಪತ್ತನಾಜೆ ಬರಲು ಇನ್ನೂ ಸ್ವಲ್ಪ ದಿನವಿತ್ತು.

ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮರುದಿನ ಬೇಬಿ ನನ್ನನ್ನು ಕರೆದುಕೊಂಡು ಫ್ಲ್ಯಾಟಿನ ಗೇಟಿನ ಹತ್ತಿರ ಹೋದರು. ಅಲ್ಲಿ ಎರಡು ಕಂಬಗಳ ನಡುವೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿತ್ತು. ಮೇಲೆ ದಪ್ಪ ಅಕ್ಷರಗಳಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ಕರಾವಳಿಯ ರುಚಿಯ ರಾಣಿ ಗಿರಿಜಕ್ಕ', ಅದರ ಕೆಳಗೆ ಬಿಲ್ಡರನ ಕಂಪೆನಿಯ ಹೆಸರು, ಎರಡನೆಯ ಹಂತದ ಫ್ಲ್ಯಾಟುಗಳ ಬುಕಿಂಗಿಗೆ ಫೋನ್ ನಂಬರು. ನಡುವೆ ಗಿರಿಜಕ್ಕ ಸೌಟು ಎತ್ತಿ ಬಾಯಿ ತೆರೆದು ನಿಂತಿದ್ದರು. ಸಮಾರಂಭದ ದಿನದ ವಿಡಿಯೋದಿಂದ ತೆಗೆದ ಚಿತ್ರ. ಅವರು ಥೂ ಎನ್ನುತ್ತಿದ್ದ ಕ್ಷಣ. ದಾರಿಯಲ್ಲಿ ಹೋಗುವವರಿಗೆ ನಗುತ್ತ ಊಟಕ್ಕೆ ಕರೆಯುವ ಹಾಗೆ ಕಾಣುತ್ತಿತ್ತು.

"ಬೆಂಕಿಪೆಟ್ಟಿಗೆ ಉಂಟಾ ಬೇಬಿ? ಸುಟ್ಟು ಹಾಕ್ತೇನೆ ಇದನ್ನು," ಎಂದೆ.

"ಸುಡುದು ಯಾಕೆ ಸರ್? ಒಳ್ಳೆ ದಪ್ಪ ಶೀಟು," ಎಂದರು ಬೇಬಿ. ಸೊಂಟದಿಂದ ಮೀನು ಕೊಯ್ಯುವ ಕತ್ತಿ ತೆಗೆದು ಒಂದೊಂದೇ ಹಗ್ಗ ಕೊಯ್ದರು. ಕಾವಲುಗಾರ ನೋಡಿದ, ಆಚೆ ಮುಖ ಮಾಡಿ ಬೀಡಿ ಹಚ್ಚಿಕೊಂಡ. ಕಂಪೆನಿಯ ಹೆಸರಿದ್ದ ಪಟ್ಟಿಯನ್ನು ಬೇಬಿ ಕೊಯ್ದು ಬಿಸಾಡಿದರು. ಉಳಿದದ್ದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಗುಡ್ಡೆಯ ಹಿಂಬದಿಗೆ ಹೊರಟರು. ಅಲ್ಲಿ ಎರಡನೆಯ ಹಂತಕ್ಕೆಂದು ಹೊಸದಾಗಿ ಕಡಿದ ಶೇಡಿಯ ಗೋಡೆ ತೋಡಿನ ಮೇಲೆ ಹಸಿ ಗಾಯದ ಹಾಗೆ ನಿಂತಿತ್ತು. ಆಕಾಶ ಆಗಲೇ ಕಪ್ಪಾಗಿತ್ತು. ಇಬ್ಬರೂ ಸೇರಿ ಫ್ಲೆಕ್ಸನ್ನು ಆ ಇಳಿಜಾರಿನ ಮೇಲೆ ಹಾಸಿದೆವು. ಅಂಚುಗಳ ಮೇಲೆ ಮುರಕಲ್ಲು ಹೇರಿದೆವು. ಬೇಬಿ ಮೇಲಂಚನ್ನು ಮಣ್ಣಿನೊಳಗೆ ಹೂತು ಕಾಲಿನಿಂದ ತುಳಿದು ಗಟ್ಟಿ ಮಾಡಿದರು.

ಮಳೆ ಬಂತು. ತೋಡಿನ ಬದಿಯ ತೆಂಗಿನ ಮರದಡಿ ನಿಂತು ನೋಡಿದೆವು. ಸುತ್ತಲಿನ ಮಣ್ಣಿನ ಮೇಲೆ ಬಿದ್ದ ನೀರು ಅಲ್ಲಿಯೇ ಬಿಳಿ ಗಂಜಿಯಾಗಿ ಹರಿಯತೊಡಗಿತು. ಗಿರಿಜಕ್ಕನ ಮುಖದ ಮೇಲೆ, ಸೌಟಿನ ಮೇಲೆ, ತೆರೆದ ಬಾಯಿಯ ಮೇಲೆ ಬಿದ್ದ ನೀರು ಬಿದ್ದ ಹಾಗೆಯೇ ತಿಳಿಯಾಗಿ ಇಳಿಯಿತು. ಬೇಬಿ ಸೆರಗಿನಿಂದ ತಲೆ ಒರೆಸಿಕೊಂಡರು.

"ಅತ್ತಿಗೆ ಇರುವಷ್ಟು ಜಾಗದಲ್ಲಿ ಮಣ್ಣು ಇಳಿಯುದಿಲ್ಲ ಸರ್," ಎಂದರು.

ಉಳಿದ ಗುಡ್ಡೆಯೆಲ್ಲ ನಮ್ಮ ಕಣ್ಣೆದುರೇ ಹೊಳೆಗೆ ಇಳಿಯುತ್ತಿತ್ತು.